ವಾಲ್ವಿನ ಬೀಗ

ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಮಣ್ಣಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಟೊಮೆಟೊ ಸಾಸ್ ಕಾರ್ಖಾನೆಯ ಸಮವಸ್ತ್ರ ತೊಟ್ಟ ಅವಳ ಅಕ್ಕನ ಗಂಡ ಏದುಸಿರು ಬಿಡುತ್ತಾ ಬಂದ.

“ನಮ್ಮ ಕಾರ್ಖಾನೆಯಿಂದ ನಿನ್ನ ಹೊಲಕ್ಕೆ ನೀರು ಬಿಡೋ ವಾಲ್ವಿಗೆ ಬೀಗ ಹಾಕಿದ್ದೀಯಂತೆ?”

“ಹೌದು ಭಾವ, ನಾನೇ ಹಾಕಿದ್ದು.”

“ಟೊಮೆಟೊ ತೊಳೆದ ನೀರು ಅಲ್ಲಿ ನಮ್ಮ ತೊಟ್ಟಿ ತುಂಬಿ ಹರೀತಿದೆ ಕಣೇ. ಕೀ ಕೊಡು.”

“ವಾರಕ್ಕೊಂದು ದಿನ ನೀರು ಬಿಡ್ತೀವಿ, ಆರು ದಿನ ಹೊಲ ಆರಲಿ ಅಂದೋರು ಯಾರು? ಈಗ ದಿನಾ ಬಿಡ್ತಿದ್ದೀರಲ್ಲ!”

“ಸೀಸನ್ ಅಲ್ವಾ. ಜೋಳಕ್ಕೆ ಪುಕ್ಕಟೆ ಗೊಬ್ಬರ ಅಂದ್ಕೋ.”

“ಗೊಬ್ಬರಾನಾ? ಮೂಸಿ ನೋಡಿ.”

ಅವಳು ಚೀಲ ಬಿಚ್ಚಿ ಅವನ ಮೂಗಿಗೇ ಹಿಡಿದಳು. ಕೊಳೆತ ಮೊಟ್ಟೆಯ ವಾಸನೆ ನನ್ನವರೆಗೂ ಬಂತು.

“ಅದಕ್ಕೆ ಅಂತ ಮಿಷನ್ ನಿಲ್ಸೋಕಾಗುತ್ತಾ?” ಅವನ ದನಿ ಇಳಿದಿತ್ತು.

“ನನ್ನ ಹೊಲಾನೂ ಮಿಷನ್ನೇ ಭಾವ. ನಿಮ್ಮ ಕೊಳೆ ನೀರು ಸೋಸೋ ಮಿಷನ್ನು. ಅದು ಕೆಟ್ರೆ ಯಾವ ಮೆಕ್ಯಾನಿಕ್‌ನ ಕರೆಸ್ತೀರಿ?”

ಒಳಗಿನಿಂದ ಅವಳ ನಂಬರ್ ಕೂಗಿದರು. ಅವಳು ಎದ್ದಳು.

“ಕೀ ಕೊಟ್ಟು ಹೋಗೇ!”

“ಗುರುವಾರ ತಾನೇ ನಿಮ್ಮ ಸರದಿ? ಬನ್ನಿ, ನಾನೇ ಬೀಗ ತೆಗೀತೀನಿ.”

“ಇವತ್ತಿನ್ನೂ ಶುಕ್ರವಾರ!”

“ಗೊತ್ತು,” ಎಂದು ಅವಳು ಚೀಲದ ಬಾಯಿ ಕಟ್ಟಿ ಒಳಗೆ ನಡೆದಳು.