ಏಪ್ರಿಲ್ ತಿಂಗಳ ಹಿಮ

ಮೆಲ್ಲಗೆ ನಗಿ ಮಾರ್ಗರೆಟ್ ಬಾಯಿ, ರಂಜಿತ್ ಒಳಗಿದ್ದಾನೆ... ಅಲ್ಲ, ನಗುವುದು ಯಾಕೆ? ಏಪ್ರಿಲ್‌ನಲ್ಲಿ ಹಿಮ ಬೀಳಬಾರದು ಅಂತ ಉಂಟಾ? ಫ್ರೀಜರ್ ಬಿಟ್ಟು ನೀವು ಬೇರೆ ಎಲ್ಲಿ ಹಿಮ ಕಂಡದ್ದು! ಕೆನಡಾದಲ್ಲಿ ಹಾಗಲ್ಲ ಮಾರಾಯ್ರೆ. ನಿನ್ನೆ ಟಿ.ವಿ.ಯಲ್ಲಿ ಊರೂರಿನದ್ದೂ ಹೇಳಿದರು. ಗುಡ್ಡದ ಕಡೆ ಸೊಂಟದವರೆಗೆ, ಕೆಳಗಿನ ಊರುಗಳಲ್ಲಿ ಮೊಣಕಾಲು ಮುಳುಗುವಷ್ಟು... ನಮ್ಮ ಅಕ್ಷಿತಾ ಇರುವಲ್ಲಿಯೂ ಹಾಗೆಯೇ. ಚಿಗುರಿದ ಮರಗಳೆಲ್ಲ ಮುರಿದು ಬಿದ್ದಿವೆಯಂತೆ. ವಿಮಾನ ಏಳುವುದು ಹೇಗೆ? ಇಲ್ಲದಿದ್ದರೆ ಮಗಳು ಇಷ್ಟು ಹೊತ್ತಿಗೆ ಬಂದು ನನ್ನನ್ನು ಕರಕೊಂಡು ಹೋಗುತ್ತಿರಲಿಲ್ಲವಾ?

ಪಾಪ, ರಂಜಿತನದ್ದೇ ಹಟ. ಆ ಕಂಪನಿ ಮುಚ್ಚಿದ ಮೇಲೆ ಹುಡುಗ ಸರಿಯಾಗಿ ಉಂಡದ್ದಿಲ್ಲ. ಈಗ ದೂರದ ಮುಸಫ್ಫಾದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಇವತ್ತೇ ಸೇರಬೇಕು, ಬಸ್ಸು ಕೆಳಗೆ ನಿಂತಿದೆ. ಅಲ್ಲಿ ಒಂದು ರೂಮಿಗೆ ಆರು ಗಂಡಸರು. ತಾಯಿಯನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ? ಆ ಸಂಬಳಕ್ಕೆ ನನ್ನ ವೀಸಾವೂ ಆಗುವುದಿಲ್ಲ. ಊರಿಗೆ ಹೋಗುವ ಅಂದರೆ, ಉಡುಪಿಯ ಜಾಗ ಮಾರಿಯೇ ಈ ಅರಬರ ನಾಡಿಗೆ ಬಂದದ್ದು ನಾವು. "ಅಕ್ಕ ಬಾರದೆ ನಾನು ಹೊರಡುವುದಿಲ್ಲ" ಅಂತ ಕೂತಿದ್ದ. ನಾನೇ ಹೇಳಿದೆ, ಹಿಮ ನಿಂತ ಕೂಡಲೇ ಬರುತ್ತಾಳೆ ಮಗಾ, ಅಲ್ಲಿಯವರೆಗೆ ಈ ಅಮ್ಮನಿಗೆ ಮಾರ್ಗರೆಟ್ ಬಾಯಿಯ ಸೋಫಾ ಉಂಟಲ್ಲ ಅಂತ.

ಎಂತ... ಯಾಕೆ ಹಾಗೆ ನೋಡುತ್ತೀರಿ? ಕೆನಡಾದಿಂದ ನಿಮ್ಮ ಮಗಳು ರೀಮಾ ಫೋನ್ ಮಾಡಿದಳಾ? ಹೌದು, ಅಕ್ಷಿತಾಳದ್ದೂ ಅದೇ ಊರು... ಕಾರಿನಲ್ಲೇ ಡ್ಯೂಟಿಗೆ ಹೋದಳಾ? ಹೋಗಲಿ ಬಿಡಿ! ಅವಳ ರಸ್ತೆ ಬೇರೆ ಇರಬಹುದು. ಈ ಹಿಮ ಅಂದರೆ ಒಂದು ಓಣಿಗೆ ಬೀಳುತ್ತದೆ, ಪಕ್ಕದ ಓಣಿಗೆ ಬೀಳುವುದಿಲ್ಲ... ಅಕ್ಷಿತಾ ಸಿಕ್ಕಿದಳಂತಾ?

ಬೇಡ. ಎಂತ ಹೇಳಿದಳು ಅಂತ ನನಗೆ ಹೇಳಬೇಡಿ.

ಓ, ಬಂದೆಯಾ ಮಗಾ! ಯಲ್ಲಾ, ಹೊರಡು ಹೊರಡು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಅಕ್ಕನ ವಿಷಯ ಇವರನ್ನೇ ಕೇಳು, ಇವರ ರೀಮಾ ಅಲ್ಲೇ ಇರುವುದಲ್ಲವಾ. ಹೇಳಿ ಬಾಯಿ. ಹಿಮ ಇನ್ನೂ ನಿಂತಿಲ್ಲ ಅಂತ ಹೇಳಿ... ಬರೀ ಹೂಂ ಅಂದರೂ ಸಾಕು... ಬಾಯೀ...

ಬ್ಯಾಗು ಯಾಕೆ ಕೆಳಗಿಟ್ಟೆ ಮಗಾ?

ಹಾಗೆ ನೋಡಬೇಡ ನನ್ನನ್ನು. ಅವಳಾದರೂ ಎಂತ ಮಾಡುತ್ತಾಳೆ... ನನ್ನನ್ನು ಕರಕೊಂಡು ಬರುವುದು ಬೇಡ ಅಂತ ಗಂಡ ಅಂದನಂತೆ... ನೀನು ಹೋಗು ಮಗಾ. ಬಸ್ಸು ಹೊರಟಿತು... ಬಸ್ಸು...