ಕ್ಯಾರಿಯರ್ ಮೇಲಿನ ಭಾರ

ಮಳೆ ಸಂಜೆಗೇ ಹಿಡಿದಿತ್ತು. ಕರೆಂಟು ಹೋಗಿ ಮೊಬೈಲುಗಳೂ ಒಂದೊಂದಾಗಿ ಸತ್ತ ಮೇಲೆ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ನಡುಮನೆಯಲ್ಲಿ ಅಜ್ಜಿಯ ಸುತ್ತ ಸೇರಿದರು. ಅಜ್ಜಿ ಕಾಲು ಚಾಚಿ, ಕಂಬಳಿ ಎಳೆದುಕೊಂಡು, ಯಾರೂ ಕೇಳುವ ಮೊದಲೇ ಶುರುಮಾಡಿದರು.

“ನಮ್ಮಕ್ಕ ಟೈಲರು. ಮದುವೆ ಗಿದುವೆ ಬೇಡ ಅಂತ ಈ ಮನೇಲೇ ಇದ್ದೋಳು. ಮುಂದಿನ ಕೋಣೇಲಿ ಹೊಲಿಗೆ ಮಿಷನ್ನು ತುಳೀತಾ ತುಳೀತಾ ತಲೆ ಬೆಳ್ಳಗಾಯ್ತು. ಒಂದಿನ ಕತ್ತರಿ ಕೆಳಗಿಟ್ಟು ಏನಂದ್ಲು ಗೊತ್ತಾ? ‘ಇಷ್ಟು ವರ್ಷ ತುಳಿದಿದ್ದೀನಿ ಕಣೇ, ಒಂದು ಗೇಣೂ ಮುಂದೆ ಹೋಗಿಲ್ಲ. ನಾನು ಸಮುದ್ರ ನೋಡ್ಬೇಕು.’ ಸೈಕಲ್ ತಗೊಂಡ್ಲು. ಬಿದ್ದು ಎದ್ದು ಕಲಿತಳು. ನಿಮ್ಮ ತಾತ, ‘ಅತ್ತಿಗೆ, ಬಸ್ಸಿದೆಯಲ್ಲ’ ಅಂದ್ರು. ‘ಬಸ್ಸಲ್ಲಿ ತುಳಿಯೋನು ಡ್ರೈವರು’ ಅಂದ್ಲು. ಅಂಥವಳಿಗೆ ಯಾರು ಬುದ್ಧಿ ಹೇಳ್ತಾರೆ?

“ಹೊಲದ ನಡುವಿನ ದಾರಿ, ಊರಿಂದ ಊರಿಗೆ, ಕತ್ತಲಾದಲ್ಲಿ ಯಾರದೋ ಮನೇಲಿ ತಂಗಿ, ಅವರ ಹರಿದ ಬಟ್ಟೆ ಹೊಲಿದುಕೊಟ್ಟು, ಬೆಳಗ್ಗೆ ಮತ್ತೆ ಪೆಡಲು... ಜನ್ಮದಲ್ಲೇ ಅಷ್ಟು ಸುಖ ಕಂಡಿರಲಿಲ್ಲವಂತೆ. ಹೀಗಿರುವಾಗ ಒಂದು ಮಧ್ಯಾಹ್ನ, ಸಪಾಟು ರಸ್ತೇಲೇ ಸೈಕಲ್ ಭಾರ ಆಯ್ತು. ಗಾಳಿ ಇಳಿದಿರಬೇಕು ಅಂದ್ಕೊಂಡು ಗುಡ್ಡದ ಬುಡದಲ್ಲಿದ್ದ ಪಂಚರ್ ಅಂಗಡಿಗೆ ಹೋದ್ಲು. ಮುದುಕ ಪಂಪು ಹಿಡಿದು ಬಂದವನೇ, ‘ಹಿಂದೆ ಕೂತಿರೋರನ್ನ ಸ್ವಲ್ಪ ಇಳಿಯೋಕೆ ಹೇಳಮ್ಮ’ ಅಂದ.

“ಹಿಂದೆ ಯಾರಿದ್ದಾರೆ? ಬಟ್ಟೆ ಗಂಟೂ ಮುಂದಿನ ಬುಟ್ಟೀಲಿತ್ತು.

“ಮುದುಕ ಕಣ್ಣು ಕಿರಿದು ಮಾಡಿ ನೋಡಿದ. ‘ಓ... ಅವಳಾ’ ಅಂದ. ಆ ಊರಿನ ಸೊಸೆಯಂತೆ. ಗುಡ್ಡದಾಚೆ ತಾಯಿಗೆ ಹುಷಾರಿಲ್ಲ ಅಂತ ಸುದ್ದಿ ಬಂದು, ಗಂಡ ಬೇಡ ಅಂದ್ರೂ ಕೇಳದೆ ಅವನ ಸೈಕಲ್ಲೇ ಹತ್ತಿ ಹೊರಟೋಳು, ಇಳಿಜಾರಿನ ತಿರುವಿನಲ್ಲಿ ಬಿದ್ದು ಸತ್ತುಹೋದ್ಲು. ತಾಯಿ ಹುಷಾರಾಗಿ ಎದ್ದು ಕೂತಳು, ಮಗಳು ಮನೆ ಮುಟ್ಟಲಿಲ್ಲ. ಅವತ್ತಿಂದ ಒಂಟಿಯಾಗಿ ಬರೋರ ಹಿಂದೆ ಹತ್ತಿ ಕೂರ್ತಾಳೆ. ‘ಅರ್ಧ ಜನ ಇಲ್ಲಿಂದಲೇ ವಾಪಸ್. ಮುಂದೆ ಹೋದೋರು ಅದೇ ತಿರುವಲ್ಲಿ ಬಿದ್ದು ಕೈಕಾಲು ಮುರ್ಕೊಂಡಿದ್ದಾರೆ. ನೀನೂ ತಿರುಗಿಸಮ್ಮ.’

“ಅಕ್ಕನಿಗೆ ಹೆದರಿಕೆ ಆಗದೆ ಇರುತ್ತಾ? ಆದ್ರೆ ಅವಳು ಕೇಳಿದ್ದು ಒಂದೇ. ‘ಇವಳ ತಾಯಿ ಈಗಲೂ ಇದ್ದಾಳಾ?’

“‘ಇದ್ದಾಳೆ.’

“‘ಹಾಗಾದ್ರೆ ಇಬ್ಬರಿಗಾಗೋಷ್ಟು ಗಾಳಿ ತುಂಬಪ್ಪ.’

“ಏರಿನುದ್ದಕ್ಕೂ ತಳ್ಳಿಕೊಂಡೇ ಹೋದ್ಲು, ಬಾಯಿ ಮುಚ್ಚದೆ... ಅಳತೆ ತಪ್ಪಿದ ರವಿಕೆಗಳ ಕತೆ, ನನ್ನ ಗೊರಕೆ, ನಿಮ್ಮ ತಾತನ ಜಿಪುಣತನ, ಒಂದೂ ಬಿಡಲಿಲ್ಲ. ಹಿಂದಿಂದ ಹೂಂ ಇಲ್ಲ, ಹಾಂ ಇಲ್ಲ. ಗುಡ್ಡದ ನೆತ್ತೀಲಿ ಸೈಕಲ್ ಹತ್ತಿದ್ಲು. ಇಳಿಜಾರು, ಹನಿ ಮಳೆ, ರಸ್ತೆ ಎಲ್ಲಾ ಜಾರು... ತಿರುವಿಗೆ ಬರೋ ಹೊತ್ತಿಗೆ ಬ್ರೇಕಿನ ವೈರು ಪಟ್ಟಂತ ಕಿತ್ತು ಬಂತು. ಎದುರಿಗೆ ರಸ್ತೆ ಇಲ್ಲ, ಬರೀ ಆಕಾಶ. ಅಕ್ಕ ಅಂದದ್ದು ಇಷ್ಟೇ, ‘ತಂಗೀ, ಕಾಲು ಊರೇ.’

“ಸರ್ರ್... ಅಂತ ಹಿಂದೆ ಎರಡು ಬರಿಗಾಲು ರಸ್ತೆಗೆ ಉಜ್ಜೋ ಸದ್ದು. ಸೊಂಟದ ಸುತ್ತ ಎರಡು ತಣ್ಣನೆ ಕೈ ಬಿಗಿಯಾಯ್ತು. ಸೈಕಲ್ ಅಂಚಿನಲ್ಲಿ ನಿಂತಿತು.

“ಗುಡ್ಡದಾಚೆಯ ಮನೇಲಿ ಮುದುಕಿ ಬಾಗಿಲು ತೆಗೆದ್ಲು. ಅಕ್ಕನ್ನ ನೋಡಲೇ ಇಲ್ಲ. ಅವಳ ಹಿಂದೆ ನೋಡಿ, ‘ಬಂದ್ಯಾ ಮಗಳೇ, ಬಾ ಒಳಗೆ, ನೆನೀಬೇಡ’ ಅಂದ್ಲು. ಸೈಕಲ್ ಹೂವಿನಷ್ಟು ಹಗುರಾಯ್ತು.

“ಅಕ್ಕ ಸಮುದ್ರ ನೋಡಿದ್ಲು. ಮೊಣಕಾಲುದ್ದ ನೀರಲ್ಲಿ ನಿಂತು ಒಬ್ಬಳೇ ನಕ್ಕಳಂತೆ.”

ಅಜ್ಜಿ ಕಂಬಳಿ ಸರಿಮಾಡಿಕೊಂಡರು. ಎಲ್ಲರ ಉಸಿರೂ ನಿರಾಳವಾಯಿತು.

“ಮುಗೀತು ಅಂದ್ಕೊಂಡ್ರಾ? ಬರೋವಾಗಲೂ ಅದೇ ದಾರಿ ತಾನೆ... ಮುದುಕಿ ಬಾಗಿಲಲ್ಲೇ ಕಾಯ್ತಿದ್ಲು. ‘ನಾನಿನ್ನು ಎಷ್ಟು ದಿನ ಇರ್ತೀನಮ್ಮ? ಇವಳಿಗೆ ಗಂಡನ ಮನೆ ಬೇಡವಂತೆ. ನಿನ್ನ ಮಾತು ಹಿಡಿಸಿದೆಯಂತೆ’ ಅಂದ್ಲು. ನಮ್ಮಕ್ಕ ಯಾರಿಗಾದ್ರೂ ಇಲ್ಲ ಅಂದವಳಾ?

“ಅಕ್ಕ ತೀರಿಕೊಂಡು ಎಷ್ಟೋ ವರ್ಷ ಆಯ್ತು. ಜಗುಲಿ ಮೇಲಿನ ಸೈಕಲ್ ಅವಳದೇ. ನೀವೆಲ್ಲ ಅದರಲ್ಲೇ ಕಲಿತದ್ದು, ಒಬ್ಬರೂ ಬೀಳಲಿಲ್ಲ, ಅಲ್ವಾ? ಯಾಕೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ?... ಹಿಂದೆ ಭಾರ ಅನ್ನಿಸಿದ್ರೆ ತಿರುಗಿ ನೋಡಬೇಡಿ. ಏನಾದ್ರೂ ಮಾತಾಡ್ತಾ ತುಳೀರಿ. ಪಾಪ, ಅವಳಿಗೆ ಮಾತು ಕೇಳೋದಂದ್ರೆ ಇಷ್ಟ.”