ಎಡಗಡೆ ಹಿಂದಿನ ಸ್ಪ್ರಿಂಗು

ಕರ್ರ್ರ್... ಅಂತ ಕಾರಿನ ಹೊಟ್ಟೆ ರಸ್ತೆಯ ಉಬ್ಬಿಗೆ ತಾಗಿ ನಿಂತಿತು.

ನಮ್ಮ ಓಣಿಯ ಸೋಫಾ ರಿಪೇರಿಯವನು ಹಲ್ಲು ಕಚ್ಚಿದ. ಹಿಂದಕ್ಕೆ ತಗೊಂಡ. ಮತ್ತೆ ಬಂದ, ಈ ಸಲ ಓರೆಯಾಗಿ, ಮೆಲ್ಲಗೆ. ಕರ್ರ್ರ್... ತಗಡಿನ ಮೇಲೆ ಉಗುರು ಎಳೆದ ಹಾಗೆ. ಓಣಿಯ ಬಾಯಲ್ಲಿರುವ ಆ ಉಬ್ಬು ನಿನ್ನೆ ಮೊನ್ನೆಯದಲ್ಲ. ಇಷ್ಟು ವರ್ಷ ಅದೇ ಕಾರು ಅದರ ಮೇಲೆ ಹತ್ತಿ ಇಳಿದಿತ್ತು. ಈಗ ಕಾರು ತಗ್ಗಾಗಿದೆ. ತಗ್ಗಿಸಿದವನು ಅವನೇ. ಯಾರನ್ನು ಬೈಯಬೇಕು?

ಓಣಿಯ ಹೊರಗೆ, ಹಾಳು ಬಾವಿಯ ಪಕ್ಕ ನಿಲ್ಲಿಸಿದ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದೆ. ಜನ ಅದರ ಮೇಲೇ ಕಸ ಎಸೆಯುತ್ತಾರೆ. ಕೊಳೆತ ಸಿಪ್ಪೆಯ ನಾತ. ಮೂಗು ಮುಚ್ಚಿಕೊಂಡು ಇಳಿದ. ಬಾಗಿಲು ಹಾಕಿದ. ಬೀದಿಯಲ್ಲಿ ನರಪಿಳ್ಳೆಯೂ ಇಲ್ಲ. ಮನೆ ಕಡೆ ನಡೆದ.

ಹಿಂದೆ ಸದ್ದಾಯಿತು.

ಕೀಂ... ಯ್ಕ್.

ನಿಂತ. ಬೇರೆಯವರಾದರೆ ಇಲಿಯೋ ಬೆಕ್ಕೋ ಅಂದುಕೊಂಡು ಹೋಗುತ್ತಿದ್ದರು. ಇವನ ಕಸುಬು ಸೋಫಾ ರಿಪೇರಿ. ಮೀಸೆ ಬರುವ ಮೊದಲೇ ಸ್ಪ್ರಿಂಗು ಕೈಗೆ ಬಂದಿತ್ತು. ಯಾರಾದರೂ ಕೂತರೆ ಸ್ಪ್ರಿಂಗು ಒಂದು ಥರ ಕೂಗುತ್ತದೆ, ಎದ್ದರೆ ಇನ್ನೊಂದು ಥರ. ಎದ್ದಾಗ ಕೊನೆಗೆ ಸಣ್ಣದೊಂದು ‘ಯ್ಕ್’ ಇರುತ್ತದೆ. ಇದು ಎದ್ದ ಸದ್ದು.

ತಿರುಗಿ ನೋಡಿದ.

ಕಾರು ಬಲಕ್ಕೆ ವಾಲಿತ್ತು. ಎಡಗಡೆ ಹಿಂದಿನ ಮೂಲೆ ಮೂರು ಬೆರಳು ಮೇಲೆದ್ದಿತ್ತು. ಹಿಂದಿನ ಸೀಟಿನಿಂದ ದಪ್ಪನೆಯ ಆಸಾಮಿ ಒಬ್ಬ ಇಳಿದು ಹೋದ ಹಾಗೆ. ಬಾಗಿಲು ಮುಚ್ಚಿಯೇ ಇತ್ತು.

ಆಮೇಲೆ... ಚಪ್. ಸ್ವಲ್ಪ ಬಿಟ್ಟು... ಚಪ್. ಒದ್ದೆ ಗೋಣಿಯನ್ನು ನೆಲಕ್ಕೆ ಬಡಿದ ಹಾಗೆ.

ತಾನು ಓಡಲಿಲ್ಲ ಅನ್ನುತ್ತಾನೆ. ಓಡಿದ.

ಇದಕ್ಕೆಲ್ಲ ಮೂಲ ಅವನ ಷಡ್ಡಕ. ಹೆಂಡತಿಯ ಅಕ್ಕನ ಗಂಡ. ಆ ಮಹಾಶಯ ಹೊಸ ಸ್ಪ್ರಿಂಗು ತರಿಸಿ ತನ್ನ ಕಾರು ತಗ್ಗಿಸಿದ್ದ. ಕಾರು ನೆಲ ನೆಕ್ಕಿಕೊಂಡು ಹೋಗುತ್ತಿತ್ತು. ಅದರಲ್ಲೇನು ಚೆಂದವೋ ದೇವರೇ ಬಲ್ಲ. ಸೋಫಾದವನಿಗೆ ಮಾತ್ರ ಅದನ್ನು ನೋಡಿದ ದಿನದಿಂದ ನಿದ್ದೆಯಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಬೇಕು. ಗ್ಯಾರೇಜಿಗೆ ಹೋಗಿ ಬೆಲೆ ಕೇಳಿದ. ಅಲ್ಲಿಯೇ ಒಂದು ಲೋಟ ನೀರು ಕುಡಿದು ವಾಪಸು ಬಂದ.

ಅವನ ಅಂಗಡಿಯ ಪಕ್ಕ ಗೇಟು, ಕಿಟಕಿ ಮಾಡುವ ವೆಲ್ಡರ್ ಒಬ್ಬನಿದ್ದಾನೆ. ಎಲ್ಲರೂ ಅವನನ್ನು ಕಿಡಿ ಅನ್ನುತ್ತಾರೆ.

"ಸ್ಪ್ರಿಂಗ್ ಕತ್ತರಿಸೋಕೆ ಅವರಿಗ್ಯಾಕಣ್ಣ ದುಡ್ಡು?" ಅಂದ ಕಿಡಿ. "ನನ್ನ ಹತ್ರ ಗ್ರೈಂಡರ್ ಇಲ್ವಾ?"

"ಕಾರಿನ ಕೆಲಸ ಮಾಡಿದ್ದೀಯಾ?"

"ಗೇಟಿಗೂ ಕಾರಿಗೂ ಏನು ವ್ಯತ್ಯಾಸ? ಎರಡೂ ಕಬ್ಬಿಣವೇ."

ಇಂಥವನ ಕೈಗೆ ಕೊಟ್ಟ. ಮುಂದಿನ ಎರಡು ಸ್ಪ್ರಿಂಗು ಹೇಗೋ ಆಯಿತು. ಹಿಂದಿನವನ್ನು ಕತ್ತರಿಸುವಾಗ ಮಾತಾಡುತ್ತ ಮಾತಾಡುತ್ತ ಒಂದು ಸುತ್ತು ಜಾಸ್ತಿ ಹೋಯಿತು. ಕೂರಿಸಿ ನೋಡಿದರೆ ಮುದುಕನ ಕಟ್ಟಿದ ಹಲ್ಲಿನ ಹಾಗೆ ಲೊಡಲೊಡ ಅಂದವು. ಬೇರೆ ಬೇಕು. ಹೊಸದಕ್ಕೆ ಕಾಸಿಲ್ಲ. ಇಬ್ಬರೂ ಗುಜರಿಗೆ ಹೋದರು.

ಗುಜರಿಯವನು ಮುದುಕ. ಬೀಡಿ ಕಚ್ಚಿಕೊಂಡು, ತುಕ್ಕು ಹಿಡಿದ ರಾಶಿಯ ಹಿಂದೆ ಕರೆದುಕೊಂಡು ಹೋದ. ಇವನ ಕಾರಿನ ಮಾದರಿಯದೇ ಒಂದು ಜೊತೆ ನೆಲದ ಮೇಲೆ ನಿಂತಿತ್ತು. ಒಂದು ಎತ್ತರ. ಒಂದು ಮೂರು ಬೆರಳು ಗಿಡ್ಡ.

"ಇದ್ಯಾಕೆ ಒಂದು ಗಿಡ್ಡ?"

"ಹಾಗೇ ಬಂತು."

"ಯಾರಾದ್ರೂ ಕತ್ತರಿಸಿದ್ದಾ?"

"ತುದಿ ನೋಡಪ್ಪ. ಕತ್ತರಿಸಿಲ್ಲ. ತಗ್ಗಿದೆ."

ಸುತ್ತುಗಳ ಮಧ್ಯೆ ಏನೋ ಸಿಕ್ಕಿಕೊಂಡಿತ್ತು. ಕಪ್ಪಗೆ, ಜಿಡ್ಡು ಜಿಡ್ಡಾಗಿ. ಕೂದಲು. ಅದರ ಮೇಲೆ ನೊಣ. ಗುಜರಿಯವನು ಎತ್ತರದ ಸ್ಪ್ರಿಂಗನ್ನು ಕೈಯಲ್ಲಿ ಎತ್ತಿ ತೋರಿಸಿದ. ಗಿಡ್ಡದ್ದನ್ನು ಮುಟ್ಟಲಿಲ್ಲ. ಕಂಬಿಯಿಂದ ತೋರಿಸಿದ.

ಬುದ್ಧಿಯಿರುವವನು ಅಲ್ಲಿಂದಲೇ ತಿರುಗುತ್ತಿದ್ದ. ಒಂದೇ ಕಾರಿನ ಜೋಡಿ ಸ್ಪ್ರಿಂಗಿನಲ್ಲಿ ಒಂದು ತಗ್ಗಿದ್ದರೆ ಅದು ಕೆಟ್ಟದ್ದು. ಆದರೆ ಇವನ ಅಂಗಡಿಯಲ್ಲಿ ಬೇರೆ ಪಾಠ. ಸೋಫಾ ಒಂದು ಕಡೆ ಕುಸಿದಿದೆ ಅಂತ ಯಾರಾದರೂ ತಂದರೆ ಇವನು ಕುಸಿದ ಕಡೆ ಕೈಯೇ ಹಾಕುವುದಿಲ್ಲ. ಚೆನ್ನಾಗಿರುವ ಕಡೆ ಬಿಚ್ಚಿ, ಅಲ್ಲಿಯ ಸ್ಪ್ರಿಂಗು ಕತ್ತರಿಸಿ, ಅದನ್ನೂ ಅಷ್ಟೇ ಕುಸಿಸಿ, ಮೇಲೆ ಬಟ್ಟೆ ಹೊಲಿದು ಕೊಡುತ್ತಾನೆ. ಸಮ ಕಾಣುತ್ತದೆ. ತಂದವರು ಖುಷಿಯಾಗಿ ಹೊತ್ತುಕೊಂಡು ಹೋಗುತ್ತಾರೆ. ಥೂ. ಅದು ರಿಪೇರಿಯೇ?

"ಎತ್ತರದ್ದನ್ನ ಕತ್ತರಿಸಿ ಇದರ ಸಮ ಮಾಡು," ಅಂದ ಕಿಡಿಗೆ. "ಒಂದನ್ನ ಕತ್ತರಿಸೋ ಕೆಲಸ ಉಳೀತು."

ಕಿಡಿ ಗಿಡ್ಡ ಸ್ಪ್ರಿಂಗಿಗೆ ಕೈ ಹಾಕಿದ. ಏಳಲಿಲ್ಲ. ಕಾಲು ಅಗಲಿಸಿ ಮತ್ತೆ ಎಳೆದ.

"ಏನಣ್ಣ ಇದು, ಒಳ್ಳೇ ಹೆಣಭಾರ!"

ಗುಜರಿಯವನ ಬೀಡಿ ಬಾಯಿಂದ ಬಿತ್ತು. ಹೆಕ್ಕಿಕೊಳ್ಳಲಿಲ್ಲ. ಒಳಗೆ ಹೋದ.

ಇಬ್ಬರೂ ಸೇರಿ ಹೊತ್ತು ತಂದರು. ಕಿಡಿ ಆ ಕೂದಲನ್ನು ಉಗುರಿನಲ್ಲಿ ಕೆರೆದು ತೆಗೆದ. ಚರ್ಮದ ಹಾಗೆ ಏನೋ ಅದರ ಜೊತೆ ಬಂತು. ಪ್ಯಾಂಟಿಗೆ ಒರೆಸಿದ. ಅದೇ ಕೈಯಲ್ಲಿ ಬಿಸ್ಕೆಟು ತಿಂದ. ಆಮೇಲೆ ಎತ್ತರದ್ದನ್ನು ಕತ್ತರಿಸಿದ... ಝುಂಯ್ಯ್ಯ್... ಎರಡನ್ನೂ ಕಾರಿಗೆ ಹಾಕಿದರು. ಕಾರು ನೆಲಕ್ಕೆ ಅಂಟಿಕೊಂಡು ಸಮವಾಗಿ ನಿಂತಿತು. ಸೋಫಾದವನು ಅದರ ಸುತ್ತ ಮದುವಣಿಗನ ಹಾಗೆ ತಿರುಗಿದ. ಸಂಜೆಯೆಲ್ಲ ಊರು ಸುತ್ತಿದ. ಆ ರಾತ್ರಿಯೇ ಉಬ್ಬಿಗೆ ತಾಗಿದ್ದು.

ಓಡಿ ಬಂದವನಿಗೆ ಹೆಂಡತಿ ಬಾಗಿಲು ತೆರೆದಳು. ಸೆರಗು ಮೂಗಿಗೆ ಹೋಯಿತು.

"ಏನ್ರೀ ಇದು? ಚರಂಡಿಗೆ ಬಿದ್ರಾ?"

"ಬಾವಿ ಹತ್ರ ಕಾರ್ ನಿಲ್ಲಿಸ್ದೆ. ಕಸದ ವಾಸನೆ."

"ಕಸ ಅಲ್ಲ ಇದು. ಹೋಗಿ ಸ್ನಾನ ಮಾಡಿ."

ಮಾಡಿದ. ಮಲಗಿದ. ನಿದ್ದೆ ಹತ್ತುವ ಹೊತ್ತಿಗೆ ಮುಂದಿನ ಕೋಣೆಯಿಂದ ಸದ್ದು ಬಂತು.

ಗುಂಯ್... ಕ್.

ಅಲ್ಲಿರುವುದು ಅವನೇ ಕೈಯಾರೆ ಮಾಡಿದ ಸೋಫಾ. ಅದರ ಒಂದೊಂದು ಸ್ಪ್ರಿಂಗಿನ ದನಿಯೂ ಅವನಿಗೆ ಗೊತ್ತು. ಬಾಗಿಲ ಕಡೆಯ ತುದಿ. ಇದು ಕೂತ ಸದ್ದು.

"ಯಾರ್ರೀ?" ಹೆಂಡತಿ ಪಿಸುಗುಟ್ಟಿದಳು.

"ಯಾರೂ ಇಲ್ಲ. ಮಲ್ಕೋ."

"ನೋಡಿ ಬನ್ನಿ."

"ನೀನೇ ನೋಡು."

ಇಬ್ಬರೂ ನೋಡಲಿಲ್ಲ. ಬೆಳಿಗ್ಗೆ ಸೋಫಾದ ಬಾಗಿಲ ಕಡೆಯ ತುದಿ ಒದ್ದೆಯಾಗಿತ್ತು. ಹೆಂಡತಿ ಬಟ್ಟೆ ಒತ್ತಿ ಹಿಂಡಿದಳು. ಹಸಿರು ನೀರು ಬಂತು. ಬಕೆಟ್ಟಿನಲ್ಲಿ ಮರೆತು ಹೋದ ಒಗೆಯುವ ಬಟ್ಟೆಯ ವಾಸನೆ, ಅದರೊಳಗೆ ಸತ್ತ ಮೀನಿನದು. ಅವಳು ಅಲ್ಲೇ ವಾಂತಿ ಮಾಡಿಕೊಂಡಳು.

ಅವನು ಬಾವಿಯ ಹತ್ತಿರ ಹೋದ. ಕಾರು ಸಮವಾಗಿ ನಿಂತಿತ್ತು. ಎಡಗಡೆ ಹಿಂದಿನ ಸೀಟು ತೊಯ್ದಿತ್ತು.

ಹೀಗೇ ನಡೆಯಿತು. ರಾತ್ರಿ ಕಾರಿನಲ್ಲಿ ಎದ್ದ ಸದ್ದು, ಮನೆಯಲ್ಲಿ ಕೂತ ಸದ್ದು. ಬೆಳಿಗ್ಗೆ ಕಾರು ಮತ್ತೆ ಸಮ, ಎರಡೂ ಕಡೆ ಒದ್ದೆ. ಅವನು ಸೀಟಿನ ಬಟ್ಟೆ ಬದಲಿಸಿದ, ಸುಗಂಧದ ಡಬ್ಬಿ ತೂಗುಹಾಕಿದ. ಹೂವಿನ ವಾಸನೆಯೂ ಹೆಣದ ವಾಸನೆಯೂ ಕೂಡಿ ಇನ್ನೂ ಹೇಸಿಗೆಯಾಯಿತು. ಸ್ಪ್ರಿಂಗು ಮಾತ್ರ ತೆಗೆಯಲಿಲ್ಲ. ತೆಗೆದರೆ ಬೇರೆ ಕೊಳ್ಳಬೇಕಲ್ಲ!

ಒಂದು ದಿನ ಹೆಂಡತಿ ಅಕ್ಕನ ಮನೆಗೆ ಹೊರಟಳು. ಮುಂದಿನ ಸೀಟಿನ ತುಂಬ ಸೋಫಾದ ಬಟ್ಟೆಯ ಸುರುಳಿಗಳು. ಹಿಂದಿನ ಎಡಬಾಗಿಲು ತೆರೆದು, ಬಗ್ಗಿ, ಒಂದು ಕಾಲು ಒಳಗಿಟ್ಟಳು. ಹಾಗೇ ನಿಂತಳು. ಕಾಲು ಹಿಂದಕ್ಕೆ ತೆಗೆದಳು.

"ಯಾಕೆ?"

"ಜಾಗ ಇಲ್ಲ," ಅಂದಳು, ಮೆಲ್ಲಗೆ.

"ಸೀಟೆಲ್ಲಾ ಖಾಲಿ ಇದೆಯಲ್ಲೇ."

"ನನ್ನ ಮೊಣಕಾಲಿಗೆ ತಾಗ್ತು ರೀ... ಮೆತ್ತಗೆ. ಒತ್ತಿದ್ರೆ ಒಳಗೆ ಹೋಗೋ ಹಾಗೆ."

ಅವಳು ಮನೆಗೆ ಹೋಗಿ ಮೊಣಕಾಲನ್ನು ಸೋಪು ಹಾಕಿ ತಿಕ್ಕಿದಳು. ಚರ್ಮ ಕೆಂಪಾಗುವವರೆಗೆ ತಿಕ್ಕಿದಳು. ಬಟ್ಟೆಬರೆ ಗಂಟು ಕಟ್ಟಿಕೊಂಡು ನಡೆದೇ ಅಕ್ಕನ ಮನೆಗೆ ಹೋದಳು. ಹೋಗುವಾಗ ಒಂದೇ ಮಾತು ಹೇಳಿದಳು.

"ಅದು ಹೋದ ಮೇಲೆ ಕರೀರಿ. ಸುಳ್ಳು ಹೇಳಿ ಕರೆದ್ರೆ ಮತ್ತೆ ನನ್ನ ಮುಖ ನೋಡಲ್ಲ ನೀವು."

ಸಂಜೆ ಷಡ್ಡಕ ಫೋನು ಮಾಡಿದ. "ಏನ್ ಸಾಹೇಬ್ರೇ, ಕಾರು ತಗ್ಗಿಸೋಕೆ ಹೋಗಿ ಮನೇನೇ ತಗ್ಗಿಸ್ಕೊಂಡ್ರಂತೆ?" ಅಂದು ನಕ್ಕ. ಸೋಫಾದವನಿಗೆ ಆ ನಗು ಚುಚ್ಚಿತು. ಖಾಲಿ ಮನೆ ಅದಕ್ಕಿಂತ ಹೆಚ್ಚು ಚುಚ್ಚಿತು. ಖಾಲಿ ಅಂತ ಅಂದುಕೊಂಡರೆ... ಗುಂಯ್ ಕ್.

ಮಾರನೆಯ ರಾತ್ರಿ ಕಿಡಿಯನ್ನು ಕರೆದುಕೊಂಡು ಬಾವಿಯ ಹತ್ತಿರ ಕಾದ. ಇಬ್ಬರೂ ಕಸದ ಪಕ್ಕ ಕುಕ್ಕರಗಾಲಲ್ಲಿ ಕೂತರು.

ಕೀಂ... ಯ್ಕ್.

ಕಾರಿನ ಎಡಮೂಲೆ ಎದ್ದಿತು.

"ಅಣ್ಣ..." ಕಿಡಿ ಅವನ ಅಂಗಿ ಹಿಡಿದ.

"ಸುಮ್ಮನಿರು."

ಚಪ್... ಚಪ್... ಅವರ ಮುಂದೆಯೇ ಹೋಯಿತು. ಏನೂ ಕಾಣಲಿಲ್ಲ. ಗಾಳಿ ಮಾತ್ರ ತಣ್ಣಗಾಯಿತು, ಆ ನಾತ ನಾಲಿಗೆಯ ಮೇಲೆ ಕೂತ ಹಾಗಾಯಿತು. ಕಿಡಿ ಉಗುಳಿದ. ಮತ್ತೆ ಮತ್ತೆ ಉಗುಳಿದ.

"ಈಗ. ಅದು ವಾಪಸ್ ಬರೋದರೊಳಗೆ ಬಿಚ್ಚು."

ಜಾಕು ಏರಿಸಿದರು. ಬೋಲ್ಟು ಬಿಚ್ಚಿದರು. ಎಡಗಡೆಯ ಸ್ಪ್ರಿಂಗು ಠಣ್ ಅಂತ ಬಿದ್ದು ಉರುಳಿತು. ಹೊರಲು ಇಬ್ಬರು ಬೇಕಾಗಿದ್ದ ಸ್ಪ್ರಿಂಗು. ಸೋಫಾದವನು ಒಂದೇ ಕೈಯಲ್ಲಿ ಎತ್ತಿದ. ಬಲಗಡೆಯದನ್ನೂ ಬಿಚ್ಚಿ ಪಕ್ಕದಲ್ಲಿ ನಿಲ್ಲಿಸಿದರು. ಕತ್ತರಿಸಿದ್ದು ಗಿಡ್ಡವಾಗಿತ್ತು. ತಗ್ಗಿದ್ದು ಎತ್ತರವಾಗಿತ್ತು. ಹೊಸದರಷ್ಟು ಎತ್ತರ.

ಬೆಳಗಾಗುತ್ತಲೇ ಗುಜರಿಗೆ ಹೊತ್ತುಕೊಂಡು ಹೋದರು. ಮುದುಕ ಅದರ ಎತ್ತರ ನೋಡಿದ. ಈ ಸಲ ಕೈಯಲ್ಲೇ ಮುಟ್ಟಿದ.

"ಖಾಲಿಯಾಗಿದೆ," ಅಂದ.

"ಏನು ಖಾಲಿ?"

"ಕೆರೆಯಿಂದ ಎತ್ತಿದ ಕಾರು ಅದು. ಹಿಂದಿನ ಸೀಟಲ್ಲಿ ಒಬ್ಬ ಇದ್ದ. ತುಂಬಾ ದಿನ ಇದ್ದ." ಮುದುಕ ಹೊಸ ಬೀಡಿ ಹಚ್ಚಿದ. "ಎಲ್ಲಿ ಇಳಿಸಿ ಬಂದ್ರಿ?"

"ಗೊತ್ತಿದ್ದೂ ಯಾಕಯ್ಯಾ ಮಾರಿದೆ?" ಕಿಡಿ ರೇಗಿದ.

"ಗಿಡ್ಡದ್ದೇ ಬೇಕು ಅಂದವರು ನೀವು. ಎಲ್ಲಿ ಇಳಿಸಿದ್ರಿ, ಅದನ್ನ ಹೇಳಿ."

ಸೋಫಾದವನು ರಾಶಿಯ ಕಡೆ ತಿರುಗಿದ. ಹಿಂದೆ ಮುಂದೆ ಎರಡಕ್ಕೂ ಹಳೆಯ ಸ್ಪ್ರಿಂಗು ತೆಗೆದುಕೊಂಡ, ಕತ್ತರಿಸದ್ದು, ಎತ್ತರದ್ದು. ಕಾರಿಗೆ ಹಾಕಿದರು. ಉಬ್ಬಿನ ಮೇಲೆ ಸದ್ದಿಲ್ಲದೆ ಹತ್ತಿ ಇಳಿಯಿತು. ಮನೆ ಬಾಗಿಲಿಗೇ ಬಂತು. ಸೀಟು ಒಣಗಿತ್ತು. ಹೆಂಡತಿಗೆ ಫೋನು ಮಾಡಿದ. "ಹೋಯ್ತು, ಬಾ," ಅಂದ.

ಫೋನು ಇಟ್ಟು ಮುಂದಿನ ಕೋಣೆಗೆ ಬಂದ. ಸೋಫಾ ನೋಡಿದ.

ಬಾಗಿಲ ಕಡೆಯ ತುದಿ ಮೂರು ಬೆರಳು ತಗ್ಗಿತ್ತು. ಹಾಡುಹಗಲು. ತಗ್ಗಿದ್ದು ಏಳಲೇ ಇಲ್ಲ.

ಹೊರಗೆ ಎಸೆಯಬೇಕೆಂದು ಒಬ್ಬನೇ ಎಳೆದ. ಕಿಟಕಿ ಕಡೆಯ ತುದಿ ಎದ್ದಿತು. ಬಾಗಿಲ ಕಡೆಯದು ಜಗ್ಗಲಿಲ್ಲ. ಕಿಡಿಗೆ ಫೋನು ಮಾಡಿದ, ಅವನು ಎತ್ತಲಿಲ್ಲ. ಹೆಂಡತಿ ಬರುವ ಹೊತ್ತಾಗುತ್ತಿತ್ತು.

ಮನುಷ್ಯನಾದವನು ಬಾಗಿಲಲ್ಲಿ ನಿಂತು ನಿಜ ಹೇಳುತ್ತಿದ್ದ. ಇವನು ಇಕ್ಕಳ ತಂದ. ಕಿಟಕಿ ಕಡೆಯ ಬಟ್ಟೆ ಬಿಚ್ಚಿದ. ಅಲ್ಲಿಯ ಸ್ಪ್ರಿಂಗುಗಳನ್ನು ಕತ್ತರಿಸಿದ... ಟಕ್, ಟಕ್... ಆ ಕಡೆಯನ್ನೂ ಮೂರು ಬೆರಳು ತಗ್ಗಿಸಿ ಸಮ ಮಾಡಿದ. ಮೇಲೆ ಹೊಸ ಬಟ್ಟೆ ಹೊಲಿದ.

ಹೆಂಡತಿ ಬಂದಳು. ಬಾಗಿಲಲ್ಲೇ ನಿಂತು ಸೋಫಾ ನೋಡಿದಳು.

"ಏನು, ತಗ್ಗಾದ ಹಾಗಿದೆ?"

"ಹೊಸ ಮಾದರಿ. ಈಗೆಲ್ಲಾ ತಗ್ಗು ಸೋಫಾನೇ."

ಅವಳು ಕಿಟಕಿ ಕಡೆ ಕೂತಳು. ಸಾಕಾಗಿ ಬಂದವಳು, ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದಳು. ಅವನು ನಿಂತೇ ಇದ್ದ.

ಸುಳ್ಳು ಹೇಳಿ ನನಗೇನಾಗಬೇಕು? ನನ್ನದು ಪಕ್ಕದ ಮನೆ. ಹೋದ ವಾರ ಹೋಗಿದ್ದೆ. "ಕೂತ್ಕೊಳ್ಳಿ ದೊಡ್ಡಪ್ಪ," ಅಂದಳು ಅವಳು, ಬಾಗಿಲ ಕಡೆಯ ತುದಿ ತೋರಿಸಿ. ಅವನು ಓಡಿ ಹೋಗಿ ಒಳಗಿನಿಂದ ಸ್ಟೂಲು ತಂದು ಹಾಕಿದ.

ಸೋಫಾ ಈಗಲೂ ಅಲ್ಲೇ ಇದೆ. ಸಮವಾಗಿದೆ. ಬಾಗಿಲ ಕಡೆಯ ಬಟ್ಟೆ ಮಾತ್ರ ಒಣಗುವುದಿಲ್ಲ.